ಒಂದು ಥಾನಿನ ಹೆಸರಿನ ಬೆನ್ನು ಹತ್ತಿ

ಆಳಂದದ ನಮ್ಮ ಜವಳಿ ಅಂಗಡಿಯಲ್ಲಿ ಯಾರೂ ಕೊಳ್ಳದ ಬಟ್ಟೆಯ ಥಾನೊಂದಿತ್ತು. ನಾನು ಅಂಬೆಗಾಲಿಡುತ್ತಿದ್ದ ಕಾಲಕ್ಕೆ ಅಪ್ಪ ಅದನ್ನು ಸೊಲ್ಲಾಪುರದ ಸಗಟು ವ್ಯಾಪಾರಿಯ ಬಣ್ಣದ ಮಾತಿಗೆ ಮರುಳಾಗಿ ತಂದಿದ್ದನಂತೆ. ಒಂದು ಬಿಳಿ ಪಟ್ಟಿ, ಒಂದು ತಿಳಿನೀಲಿ ಪಟ್ಟಿ. ಬಿಳಿಯದು ನಯವಾಗಿ ಮಲಗಿರುತ್ತಿತ್ತು, ನೀಲಿಯದು ಉದ್ದಕ್ಕೂ ಉಬ್ಬಿ ಸುಕ್ಕುಗಟ್ಟಿರುತ್ತಿತ್ತು. ಅಪ್ಪ ಅದನ್ನು ಬಿಚ್ಚಿ ಹರವಿದ ಕೂಡಲೆ ಗಿರಾಕಿಗಳು ಮೂಗು ಮುರಿಯುತ್ತಿದ್ದರು.

“ತೊಯ್ದು ಒಣಗಿದ ಅರಿವಿ ಮಾರ್ತೀರೇನ್ರಿ ಸಾವಕಾರ್ರ? ಇಸ್ತ್ರಿ ಹೊಡದಿಡ್ರಿ, ಆಮ್ಯಾಲ ನೋಡೋಣು.”

ಇಸ್ತ್ರಿ ಹೊಡೆದರೂ ಹೋಗದ ಸುಕ್ಕು ಅದು ಎಂದು ಅಪ್ಪ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ನಂಬಿದವರಿಗೆ ಇನ್ನೂ ದಿಗಿಲು. ಇಸ್ತ್ರಿಗೂ ಬಗ್ಗದ ಬಟ್ಟೆ ತೊಟ್ಟುಕೊಂಡು ಬೀಗರ ಮುಂದೆ ಹೋಗುವುದು ಹೇಗೆ?

ಮಾರಾಟವಾಗದ ಬಟ್ಟೆ ನನ್ನ ಮೈಮೇಲೆ ಬಂತು. ಕನ್ನಡ ಶಾಲೆಗೆ ಸೇರಿದಾಗಿನಿಂದ ಹೈಸ್ಕೂಲಿಗೆ ಹೋಗುವವರೆಗೆ ನನ್ನ ಫ್ರಾಕು, ಲಂಗ, ಕೊನೆಗೆ ಪಾಟಿಚೀಲ ಕೂಡ ಅದೇ ಥಾನಿನವು. ಓಣಿಯ ಹುಡುಗಿಯರು ನನ್ನನ್ನು ಪಟ್ಟಿಪಟ್ಟಿ ಎಂದು ಕರೆಯುತ್ತಿದ್ದರು. ನಾನು ಹೇಳಿಕೇಳಿ ಕೂತಲ್ಲಿ ಕೂರದವಳು. ಊಟಕ್ಕೆ ಕೂತರೂ ಕಾಲು ಕುಣಿಯುತ್ತಿತ್ತು. “ಆ ಅರಿವಿ ತಾನೇ ಸುಕ್ಕಾಗೇದೋ ನೀ ಸುಕ್ಕು ಮಾಡೀಯೋ ಒಂದೂ ತಿಳಿಯಂಗಿಲ್ಲ ನೋಡು ಬೇ,” ಎಂದು ಅವ್ವ ತಲೆ ಚಚ್ಚಿಕೊಳ್ಳುತ್ತಿದ್ದಳು. ಆದರೆ ಬೇಸಿಗೆ ಬಂದಾಗ ಅವ್ವನೂ ಸುಮ್ಮನಾಗುತ್ತಿದ್ದಳು. ನಮ್ಮ ಕಡೆಯ ಬಿಸಿಲಿನಲ್ಲಿ ಬೆವರಿದ ಬೆನ್ನಿಗೆ ಅಂಟಿಕೊಳ್ಳದ ಬಟ್ಟೆ ಅದೊಂದೇ ಆಗಿತ್ತು.

ಅದು ಹಾಗೇಕೆ ಎಂದು ಒಮ್ಮೆ ಅಪ್ಪನನ್ನು ಕೇಳಿದ್ದೆ. “ಮಗ್ಗದ ಮ್ಯಾಲ ಒಂದು ಸಾಲು ಎಳಿ ಬಿಗಿ ಇಡ್ತಾರ, ಒಂದು ಸಾಲು ಸಡಿಲ ಬಿಡ್ತಾರ. ಬಿಗಿ ಇದ್ದದ್ದು ನಯ ಆಗ್ತದ, ಸಡಿಲ ಇದ್ದದ್ದು ಉಬ್ಬತದ. ಎರಡೂ ಕೂಡೇ ಇರ್ತಾವ, ಒಂದಕ್ಕೊಂದು ಬೆರಿಯಂಗಿಲ್ಲ,” ಎಂದಿದ್ದ.

ಥಾನಿನ ಅಂಚಿನಲ್ಲಿ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳಿದ್ದವು. ಶಾಲೆಯಲ್ಲಿ ಎ ಬಿ ಸಿ ಡಿ ಕಲಿಸಿದ ವರ್ಷ ಅವನ್ನು ಒಂದೊಂದಾಗಿ ಕೂಡಿಸಿ ಓದಿದೆ: ಸೀರ್‌ಸಕರ್. ಪಾಠದ ಪುಸ್ತಕದ ಆಚೆ ನಾನು ಓದಿದ ಮೊದಲ ಇಂಗ್ಲಿಷ್ ಪದ ಅದು. ಅಪ್ಪನ ಹತ್ತಿರ ಓಡಿಹೋಗಿ ಅಂದರೇನು ಎಂದು ಕೇಳಿದೆ.

“ಅಂದ್ರ ನನ್ನ ನಸೀಬ,” ಎಂದು ಅಪ್ಪ ಥಾನನ್ನು ಮೇಲಿನ ಹಲಗೆಗೆ ಎಸೆದ.

ನಾನು ಬಿ.ಎ. ಕೊನೆಯ ವರ್ಷಕ್ಕೆ ಬಂದಾಗ, ಎಂಬತ್ತರ ದಶಕದ ಮೊದಲಲ್ಲಿ, ಊರಿನ ಕಾಲೇಜಿಗೆ ಧಾರವಾಡದ ಕಡೆಯಿಂದ ಇಂಗ್ಲಿಷ್ ಕಲಿಸುವ ಅಧ್ಯಾಪಕರೊಬ್ಬರು ಬಂದರು. ಜಾಣರು, ಆದರೆ ನಮ್ಮ ಕನ್ನಡ ಕೇಳಿದರೆ ಅವರ ತುಟಿಯಂಚಿನಲ್ಲಿ ನಗು ಬರುತ್ತಿತ್ತು. ನಮ್ಮ ನಾಡಿನಿಂದ ಇಂಗ್ಲಿಷಿಗೆ ಹೋದ ಒಂದು ಪದ ಹಿಡಿದು ಅದರ ಹಿಂದುಮುಂದೆಲ್ಲ ಬರೆದು ತರಬೇಕು, ಜಂಗಲ್ಲು, ಬಂಗ್ಲೆ, ಶಾಂಪೂ ಬಿಟ್ಟು, ಎಂದು ಒಂದು ದಿನ ಹೇಳಿದರು. ನಾನು ಎದ್ದು ನಿಂತು ಸೀರ್‌ಸಕರ್ ಎಂದೆ. ಅದು ನಮ್ಮ ಕಡೆಯ ಪದವೆಂದು ನನಗೆ ಗೊತ್ತಿತ್ತೆ? ಏನೂ ಗೊತ್ತಿರಲಿಲ್ಲ. ಏಳೆಂಟು ವರ್ಷ ಮೈಮೇಲೆ ಹೊತ್ತ ಪದದ ಮೇಲೆ ನನಗೊಂದು ಹಕ್ಕಿದೆ ಎನಿಸಿತ್ತು, ಅಷ್ಟೆ.

“ಅದು ಅಪ್ಪಟ ಇಂಗ್ಲಿಷ್ ಪದ,” ಎಂದರು ಅವರು. “ಸೀರ್ ಅಂದರೆ ದ್ರಷ್ಟಾರ, ಸಕರ್ ಅಂದರೆ ಹೀರುವವ. ನಿಮಗೂ ಅದಕ್ಕೂ ಏನು ಸಂಬಂಧ? ಕೂಡ್ರು.”

ತರಗತಿ ಗೊಳ್ಳೆಂದಿತು. ಕಾಲೇಜಿನ ಬಾಗಿಲಲ್ಲಿ ನನ್ನನ್ನು ಕಂಡರೆ ಹುಡುಗರು ಏನೋ ಹೀರುವ ಸದ್ದು ಮಾಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಅವರು ನಿಘಂಟು ನೋಡಿ ಹೇಳಿದ್ದರೆ ನಾನು ಸುಮ್ಮನೆ ಕೂತುಬಿಡುತ್ತಿದ್ದೆ. ನೋಡದೆಯೇ ಹೇಳಿದರು. ಅದು ನನ್ನನ್ನು ಎಲ್ಲೂ ನಿಲ್ಲಗೊಡಲಿಲ್ಲ.

ಕಾಲೇಜಿನ ಚಿಕ್ಕ ನಿಘಂಟಿನಲ್ಲಿ ಆ ಪದವೇ ಇರಲಿಲ್ಲ. ಅಫಜಲಪುರದಲ್ಲಿದ್ದ ನನ್ನ ಸೋದರತ್ತೆಯ ಪಕ್ಕದ ಮನೆಯ ವಕೀಲರ ಹತ್ತಿರ ಎರಡು ಕೈಯಲ್ಲಿ ಎತ್ತಬೇಕಾದಂಥ ಇಂಗ್ಲಿಷ್ ನಿಘಂಟು ಇದೆಯೆಂದು ಕೇಳಿದ್ದೆ. ಅತ್ತೆಗೆ ಸೀರೆ ಕೊಟ್ಟುಬರುತ್ತೇನೆ ಎಂಬ ನೆಪ ಮಾಡಿ, ತಮ್ಮನನ್ನು ಜತೆಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಒಬ್ಬಳೇ ಹೋಗುವ ಮಾತು ಆಗ ನಮ್ಮ ಮನೆಯಲ್ಲಿ ಇರಲಿಲ್ಲ. ಭೂಸನೂರ ಕಡೆಯಿಂದ ಬಂದ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಇಳಿದು ನಡೆದರೆ ಬೇಗ ಮುಟ್ಟುತ್ತೇನೆ ಎನಿಸಿ ನನಗೆ ಮೈಯೆಲ್ಲ ತುರಿಸಿದಂತಾಗುತ್ತಿತ್ತು.

ವಕೀಲರು ನಿಘಂಟನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಹೊರತೆಗೆದು, ಒರೆಸಿ, ಮೇಜಿನ ಮೇಲೆ ಇಟ್ಟು, “ಮುಟ್ಟಬ್ಯಾಡ ತಂಗಿ. ನಾ ಓದ್ತೇನಿ, ನೀ ಕೇಳು,” ಎಂದರು. ಬೆರಳಿಗೆ ಉಗುಳು ಹಚ್ಚಿ ಒಂದೊಂದೇ ಹಾಳೆ ತಿರುವಿದರು. ದಾರಿಯಲ್ಲಿ ಸಿಕ್ಕ ಪದಗಳನ್ನೆಲ್ಲ ಮಾತಾಡಿಸಿಕೊಂಡೇ ಹೋದರು. ಜಪ್ತಿಗೆ ಸಂಬಂಧಿಸಿದ ಒಂದು ಪದ ಬಂದಾಗ ಕನ್ನಡಕ ಸರಿ ಮಾಡಿಕೊಂಡು ಹಳೆಯದೊಂದು ಖಟ್ಲೆಯ ಕತೆಯನ್ನೇ ತೆಗೆದರು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಕೊನೆಗೆ ತೀರ್ಪು ಓದುವ ದನಿಯಲ್ಲಿ ಓದಿದರು: ಈ ಪದ ಇಂಗ್ಲಿಷಿಗೆ ಬಂದದ್ದು ಹಿಂದುಸ್ತಾನಿಯಿಂದ. ಹಿಂದುಸ್ತಾನಿಗೆ ಬಂದದ್ದು ಫಾರ್ಸಿಯಿಂದ. ಅಲ್ಲಿ ಅದು ಶೀರ್-ಓ-ಶಕರ್. ಅರ್ಥ, ಹಾಲು ಮತ್ತು ಸಕ್ಕರೆ. ಒಂದು ಬಗೆಯ ಪಟ್ಟಿ ಬಟ್ಟೆಗೆ ಆ ಹೆಸರು.

ನನ್ನ ಕೈ ತಡೆಯಲಿಲ್ಲ. ನಿಘಂಟನ್ನು ಅವರಿಂದ ಕಸಿದುಕೊಂಡು ನನ್ನ ಕಣ್ಣಿನಿಂದ ಓದಿದೆ. ವಕೀಲರು ಹೌಹಾರಿದರು. ತಮ್ಮ ಹೆದರಿ ಬಾಗಿಲಿನ ತನಕ ಹೋದ.

ಶೀರ್ ಎಂದರೆ ಹಾಲು ಎಂದು ತಿಳಿಯಲು ನಾನು ಅಫಜಲಪುರದ ತನಕ ಬರಬೇಕಿತ್ತೆ? ಪ್ರತಿ ರಂಜಾನಿಗೆ ಪಕ್ಕದ ಮನೆಯ ಖಾಲಾ ಮುಚ್ಚಿದ ಬಟ್ಟಲಿನಲ್ಲಿ ಶೀರ್ ಕುರ್ಮಾ, ಹಾಲು ಶಾವಿಗೆಯ ಪಾಯಸ, ಕಳಿಸುತ್ತಿದ್ದಳು. ಬಟ್ಟಲು ನೆಕ್ಕಿದ್ದೇ ನೆಕ್ಕಿದ್ದು, ಹೆಸರಿನ ಅರ್ಥ ಮಾತ್ರ ಎಂದೂ ಕೇಳಿರಲಿಲ್ಲ. ಆದರೆ ಒಂದು ಗಂಟು ಬಿಚ್ಚಿದರೆ ಇನ್ನೆರಡು ಕಂಡವು. ಬಟ್ಟೆಗೆ ಹಾಲು ಸಕ್ಕರೆಯ ಹೆಸರು ಯಾಕೆ? ಫಾರ್ಸಿಗಿಂತ ಹಿಂದೆ ಆ ಪದ ಎಲ್ಲಿತ್ತು?

ಮರಳಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಲೆಕ್ಕ ಹಾಕಿದೆ. ಇರಾನಿನಲ್ಲಿ ಎದ್ದ ಮಾತು, ನಮ್ಮ ನೇಕಾರರ ಮಗ್ಗಕ್ಕೆ ಬಂದು, ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ನಾಲಿಗೆಯಿಂದ ನಾಲಿಗೆಗೆ ಸವೆದು, ಮಿಲ್ಲಿನ ಬಂಗಾರದ ಅಕ್ಷರವಾಗಿ ಸೊಲ್ಲಾಪುರಕ್ಕೆ ಇಳಿದು, ಆಳಂದದ ನಮ್ಮ ಹಲಗೆಯ ಮೇಲೆ ಬಂದು ಕೂತಿತ್ತು. ನಾನೋ ಒಬ್ಬಳೇ ಕಲಬುರ್ಗಿಯನ್ನೂ ನೋಡಿದವಳಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನ ನನಗೆ ಒಂದು ಪದದ ಮೇಲೆ ಹೊಟ್ಟೆಕಿಚ್ಚಾಯಿತು. ಬಿ.ಎ. ಮುಗಿಯುತ್ತಲೇ ಎಂ.ಎ. ಮಾಡಲು ಕಲಬುರ್ಗಿಗೆ ಹೋಗಬೇಕು, ಯಾರೂ ಬೀಗ ಹಾಕದ ನಿಘಂಟುಗಳ ನಡುವೆ ಕೂರಬೇಕು ಎಂದು ನಾನು ನಿಶ್ಚಯ ಮಾಡಿದ್ದು ಆ ಬಸ್ಸಿನಲ್ಲಿಯೇ.

ಫಾರ್ಸಿ ಬಲ್ಲವರು ಯಾರಿದ್ದಾರೆ ಎಂದು ಮನೆಯಲ್ಲಿ ಕೇಳಿದಾಗ ಉತ್ತರ ಕೊಟ್ಟವಳು ಅವ್ವ. ಅವಳ ತವರುಮನೆ ಜೇವರ್ಗಿ ತಾಲೂಕಿನ ನೆಲೋಗಿ. ಅವಳ ಅಣ್ಣನಿಗೆ ನಿಜಾಮರ ಕಾಲದಲ್ಲಿ ಉರ್ದು, ಫಾರ್ಸಿ ಕಲಿಸಿದ ಮಾಸ್ತರರು ಜೇವರ್ಗಿಯಲ್ಲಿ ಇನ್ನೂ ಇದ್ದರು. “ನಾನೂ ತವರಿಗೆ ಹೋಗಿ ಭಾಳ ದಿನ ಆತು. ನಾ ಕರಕೊಂಡು ಹೋಗ್ತೇನಿ, ನಡಿ,” ಎಂದಳು. ನನ್ನ ಓದಿನ ಸುದ್ದಿ ತೆಗೆದರೆ ಮುಖ ತಿರುವುತ್ತಿದ್ದ ಅವ್ವ ಇಷ್ಟು ಹುರುಪು ಮಾಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಪದದ ಗುಂಗಿನಲ್ಲಿ ಬರಲಿಲ್ಲ. ಹೊಸ ರೇಷ್ಮೆ ಸೀರೆ ಯಾಕೆ ಗಂಟು ಕಟ್ಟುತ್ತಿದ್ದಾಳೆ ಎಂದೂ ಕೇಳಲಿಲ್ಲ.

ಕಲಬುರ್ಗಿಯಲ್ಲಿ ಬಸ್ಸು ಬದಲಿಸಿ, ಭೀಮೆಯ ಸೇತುವೆ ದಾಟಿ ಜೇವರ್ಗಿಗೆ ಹೋದೆವು. ಮಾಸ್ತರರಿಗೆ ವಯಸ್ಸಾಗಿತ್ತು, ಠೀವಿಗೆ ಆಗಿರಲಿಲ್ಲ. ನಾವು ಬರುವ ಸುದ್ದಿ ತಿಳಿದು ಸೆಕೆಯಲ್ಲೂ ಶೇರ್ವಾನಿಯ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿಕೊಂಡು ಕೂತಿದ್ದರು. ನಾನು ಬಾಯಿ ತೆರೆದ ಕೂಡಲೇ ನನ್ನ ಉಚ್ಚಾರ ತಿದ್ದಿದರು.

“ಸಕರ್ ಅಲ್ಲ ಬೇಟಿ, ಶಕರ್. ಅಂಗ್ರೇಜಿ ಮಂದಿ ಬಾಯಾಗ ಬಿದ್ದ ಮಾತು ಸಾಬೂತ ಹೊರಗ ಬರೂದಿಲ್ಲ. ಹೂಂ, ತೋರ್ಸು ಆ ಕಪಡಾ.”

ನಾನು ಥಾನಿನ ಒಂದು ತುಂಡು ಒಯ್ದಿದ್ದೆ. ಅವರು ಕಣ್ಣು ಮುಚ್ಚಿ ಅಡ್ಡಡ್ಡ ಬೆರಳಾಡಿಸಿದರು. “ನೀನೂ ಮಾಡಿ ನೋಡು. ಕಣ್ಣ ಮುಚ್ಚು. ಇದು ಹಾಲಿನ ಕೆನಿ, ನುಣ್ಣಗ. ಇದು ಸಕ್ರಿ ಹಳ್ಳು, ಬೆರಳಿಗಿ ತಾಗ್ತದ. ಮತ್ತ ಕೆನಿ, ಮತ್ತ ಸಕ್ರಿ. ಹೆಸರು ಇಟ್ಟಾಂವ ಕಣ್ಣಿಲೆ ಇಟ್ಟಿಲ್ಲ, ಬೆರಳಿಲೆ ಇಟ್ಟಾನ.”

ನಾನು ಕಣ್ಣು ಮುಚ್ಚಿ ಬೆರಳಾಡಿಸಿದೆ. ಇಷ್ಟು ವರ್ಷ ತೊಟ್ಟ ಬಟ್ಟೆಯನ್ನು ಅಂದೇ ಮೊದಲು ಮುಟ್ಟಿದಂತಾಯಿತು.

“ಮುಂದ?” ಎಂದೆ. ನನ್ನ ಅವಸರಕ್ಕೆ ಅವರು ನಕ್ಕರು.

“ಶೀರ್ ಯಾರು? ನಿಮ್ಮ ಸಂಸ್ಕೃತದ ಕ್ಷೀರದ ಖಾಸ ತಂಗಿ. ಶಕರ್ ಯಾರು? ನಿಮ್ಮ ಶರ್ಕರಾನ ಮಗಳು. ನಿಮ್ಮ ಕನ್ನಡದ ಸಕ್ಕರಿನೂ ಆಕಿ ಮಗಳೇ. ಆಕಿನ ಅರಬರು ಸುಕ್ಕರ್ ಅಂದ್ರು, ಅಂಗ್ರೇಜರು ಶುಗರ್ ಅಂದ್ರು. ಎಲ್ಲಾ ಒಂದ ಖಾಂದಾನ.”

“ಶರ್ಕರಾಕ್ಕಿಂತ ಹಿಂದ?”

ಮಾಸ್ತರರು ಒಳಗಿನಿಂದ ಶರಬತ್ತು ಬರುವ ತನಕ ನನ್ನನ್ನು ಕಾಯಿಸಿದರು. ಗುಟುಕು ಹೀರಿ, ಮೀಸೆ ಒರೆಸಿಕೊಂಡು ಹೇಳಿದರು: “ಶರ್ಕರಾ ಅಂದ್ರ ಮೊದಲು ಸಕ್ರಿನೂ ಅಲ್ಲ, ಬೆಲ್ಲಾನೂ ಅಲ್ಲ. ಗರಸು. ದಾರ್ಯಾಗ ಕಾಲಿಗಿ ಚುಚ್ಚತದಲ್ಲ, ಆ ಹಳ್ಳು. ಕಬ್ಬಿನ ಹಾಲು ಕಾಸಿ ಹಳ್ಳಹಳ್ಳಾದಾಗ ಅದಕ್ಕ ಗರಸಿನ ಹೆಸರು ಇಟ್ರು.”

ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅವ್ವ ತೊಡೆ ಚಿವುಟಿದಳು. ಲೋಕಕ್ಕೆಲ್ಲ ಸಿಹಿ ಕೊಟ್ಟ ಪದದ ಅಜ್ಜಿ ಒಂದು ಗರಸುಕಲ್ಲು ಎಂಬುದು ನನಗೆ ಯಾಕೆ ಅಷ್ಟು ಸಂತೋಷ ಕೊಟ್ಟಿತೋ ಗೊತ್ತಿಲ್ಲ. ಹೆಣ್ಣುಮಕ್ಕಳು ಸಿಹಿಯಾಗಿರಬೇಕು, ಮೆತ್ತಗಿರಬೇಕು ಎಂದು ಹೇಳಿಸಿಕೊಂಡು ಬೆಳೆದಿದ್ದರಿಂದ ಇದ್ದೀತು.

ಹೊರಡುವಾಗ ಮಾಸ್ತರರು ಅವ್ವನ ಕಡೆ ತಿರುಗಿ, “ನಮ್ಮಲ್ಲಿ ಇಬ್ಬರು ಭಾಳ ಪ್ರೀತಿಲೇ ಇದ್ರ ಶೀರ್-ಶಕರ್ ಆಗ್ಯಾರ ಅಂತಾರ. ನಾಳೆ ನೆಲೋಗ್ಯಾಗ ಹುಡುಗಗ ಮತ್ತ ನಿಮ್ಮ ಹುಡುಗಿಗಿ ಹಂಗ ಆಗಲಿ,” ಎಂದರು.

ಯಾವ ಹುಡುಗ? ನಾನು ಅವ್ವನ ಮುಖ ನೋಡಿದೆ. ಅವ್ವ ಚಪ್ಪಲಿ ಹುಡುಕುತ್ತಿದ್ದಳು. ನಾನು ಪದ ನೋಡಲು ಹೊರಟಿದ್ದೆ, ನನ್ನನ್ನು ನೋಡಲು ಬೇರೆ ಯಾರೋ ಹೊರಟಿದ್ದರು. ಬಸ್‌ಸ್ಟ್ಯಾಂಡಿನ ತನಕ ಅವಳೊಂದಿಗೆ ಜಗಳಾಡಿದೆ. “ಬರೇ ನೋಡಿ ಹೋಗ್ತಾರ, ಕಡಕೊಂಡು ತಿಂತಾರೇನು?” ಎಂದು ಅವಳೂ ರೇಗಿದಳು.

ಮರುದಿನ ನೆಲೋಗಿಯಲ್ಲಿ ಸೋದರಮಾವನ ಪಡಸಾಲೆಗೆ ಹುಡುಗ, ಅವನ ತಂದೆ, ಅವನ ಸೋದರತ್ತೆ ಬಂದರು. ಹೊಲಮನೆ ಇದ್ದ ಕುಟುಂಬ, ಹುಡುಗ ಬಿ.ಕಾಂ. ಏನು ಓದುತ್ತೀ ಎಂದು ಅವನು ಕೇಳಿದ. ತಲೆ ತಗ್ಗಿಸಿ ಒಂದು ಮಾತಿನಲ್ಲಿ ಹೇಳಬೇಕಿತ್ತು. ನಾನು ಸಿಟ್ಟಿನಲ್ಲಿದ್ದೆ. ಸೀರ್‌ಸಕರಿನಿಂದ ಹಿಡಿದು ಗರಸಿನ ತನಕ ಇಡೀ ಪುರಾಣ ಒದರಿಬಿಟ್ಟೆ. ಅವನ ತಂದೆ ಆಕಳಿಸಿದರು. ಅವನು ಮಾತ್ರ ಮನಸ್ಸಿಟ್ಟು ಕೇಳಿ, “ಹಂಗಾರ ಅಂಗ್ರೇಜರಿಗಿ ಸಕ್ರಿ ತಿನ್ನೂಕಿಂತ ಮೊದಲು ಅದರ ಹೆಸರೇ ಗೊತ್ತಿದ್ದಿಲ್ಲೇನ್ರಿ?” ಎಂದ. ಒಳ್ಳೆಯ ಪ್ರಶ್ನೆ. ಅಷ್ಟು ದಿನದಲ್ಲಿ ನನ್ನ ಪದದ ಬಗ್ಗೆ ಮರುಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವನು. ಅವನು ನನಗೆ ಹಿಡಿಸಿದ. ಹಿಡಿಸಲಿಲ್ಲ ಎಂದರೆ ಸುಳ್ಳು ಹೇಳಿದಂತೆ.

ನಾನು ಬರೆದು ಕೊಟ್ಟದ್ದನ್ನು ಓದಿ ನಮ್ಮ ಅಧ್ಯಾಪಕರು, “ಹಾಂ, ನನಗೂ ಹಾಗೇ ಅನುಮಾನ ಇತ್ತು,” ಎಂದರು. ಆದರೆ ಎಂ.ಎ.ಗೆ ಅರ್ಜಿ ಹಾಕಿಸಿದವರೂ ಅವರೇ, ಅಪ್ಪನ ಅಂಗಡಿಗೆ ಬಂದು ಕೂತು ಒಪ್ಪಿಸಲು ನೋಡಿದವರೂ ಅವರೇ. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕಲಬುರ್ಗಿಯಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು. ಅದೇ ವಾರ ಹುಡುಗನ ಕಡೆಯವರು ಒಪ್ಪಿಗೆ ಕಳಿಸಿದರು. ಓದಿನ ಮಾತು ತೆಗೆದಾಗಲೆಲ್ಲ ನಡುವೆ ಓಡಾಡುವ ಹಿರಿಯರು, “ಅದೇನು ದೊಡ್ಡ ಮಾತು, ಆಮ್ಯಾಲ ಕೂತು ಮಾತಾಡೋಣು,” ಎನ್ನುತ್ತಿದ್ದರು. ನಾನು ಮನೆ ತುಂಬ ಓಡಾಡಿದೆ. ತಂಬಿಗೆ ಎಡವಿದೆ, ತಮ್ಮನಿಗೆ ಬೈದೆ. ಯಾರೂ ಕೂತು ಮಾತಾಡಲಿಲ್ಲ. ನೇರವಾಗಿ ಬಸ್ತಾಕ್ಕೆ ದಿನ ಗೊತ್ತುಮಾಡಿದರು.

ಬಸ್ತಾ ಎಂದರೆ ನಮ್ಮ ಕಡೆ ಎರಡೂ ಮನೆಯವರು ಜವಳಿ ಅಂಗಡಿಯ ಗಾದಿಯ ಮೇಲೆ ಕೂತು ಮದುವೆಯ ಬಟ್ಟೆ ಆರಿಸುವುದು. ಸೀರೆ, ಧೋತ್ರ ಎಲ್ಲ ಆರಿಸಿಟ್ಟ ಮೇಲೆ ಮೊದಲು ಹರಿಯುವುದು ಮದುಮಗನ ಅಂಗಿಯ ಬಟ್ಟೆ. ಅಪ್ಪನಿಗೆ ಅದೊಂದು ಶಾಸ್ತ್ರವೇ ಆಗಿತ್ತು. ಅಂಚಿಗೆ ಕತ್ತರಿ ಇಟ್ಟು ಗಂಡಿನ ಕಡೆಯ ಹಿರಿಯರತ್ತ ನೋಡಿ “ಹರೀಲೇನ್ರಿ?” ಎನ್ನುತ್ತಿದ್ದ. ಅವರು ಹರೀರಿ ಎಂದ ಮೇಲೆ ಹೆಣ್ಣಿನ ಕಡೆಯವರತ್ತ ನೋಡಿ ಮತ್ತೆ ಕೇಳುತ್ತಿದ್ದ. ಇಬ್ಬರೂ ಒಪ್ಪಿದರೆ ಚೂರು ಕತ್ತರಿಸಿ, ಎರಡೂ ಕೈಯಿಂದ ಪರ್ರನೆ ಹರಿಯುತ್ತಿದ್ದ. ಹರಿದ ಬಟ್ಟೆ ವಾಪಸ್ಸಿಲ್ಲ, ಅಲ್ಲಿಂದಾಚೆ ಮಾತೂ ವಾಪಸ್ಸಿಲ್ಲ. ಆ ಸದ್ದಿಗೆ ಹೆಂಗಸರು ಒಬ್ಬರಿಗೊಬ್ಬರು ಸಕ್ಕರೆ ಹಂಚುತ್ತಿದ್ದರು. ಚಿಕ್ಕಂದಿನಿಂದ ನಾನು ಆ ಸದ್ದು ಕೇಳುತ್ತ ಬೆಳೆದವಳು. ಎಷ್ಟೋ ಹುಡುಗಿಯರ ಮದುವೆ ನನ್ನ ಕಣ್ಣೆದುರಿಗೇ ಹರಿದು ಗಟ್ಟಿಯಾಗಿತ್ತು.

ನನ್ನ ಬಸ್ತಾ ನಮ್ಮ ಅಂಗಡಿಯಲ್ಲಿಯೇ ಆಯಿತು. ಗಾದಿಯ ಒಂದು ಬದಿ ಅವರು, ಇನ್ನೊಂದು ಬದಿ ದೊಡ್ಡಪ್ಪ ಮತ್ತು ನಮ್ಮವರು. ಹಿಂದೆ ಹೆಂಗಸರು, ಅವರ ನಡುವೆ ನಾನು. ಚೂಡಾ, ಚಹಾ ಬಂತು. ಚಹಾ ಕುಡಿಯುತ್ತ ಹುಡುಗನ ತಂದೆ ತಾವಾಗಿಯೇ ಮಾತು ತೆಗೆದರು.

“ಕಲಬುರ್ಗಿ ಗಿಲಬುರ್ಗಿ ಅಂತ ಏನೋ ಕೇಳೀವಿ. ಅದೆಲ್ಲಾ ಏನಿಲ್ರಿ. ನಮ್ಮ ಮನಿ ಸೊಸಿ ನಮ್ಮ ಮನ್ಯಾಗ ಇರ್ತಾಳ.”

ದೊಡ್ಡಪ್ಪ “ಹೌದ್ರಿ, ಹೌದ್ರಿ” ಎಂದ. ಅಪ್ಪ ಥಾನು ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ನಾನು ಹುಡುಗನ ಕಡೆ ನೋಡಿದೆ. ಅವನು ಬಾಯಿ ತೆರೆದ, ತಂದೆಯ ಕಡೆ ನೋಡಿದ, ಮುಚ್ಚಿಕೊಂಡ. ನೆಲೋಗಿಯ ಪಡಸಾಲೆಯಲ್ಲಿ ಮರುಪ್ರಶ್ನೆ ಕೇಳಿದ ಹುಡುಗನನ್ನು ನಾನು ಅಲ್ಲಿ ಹುಡುಕಿದೆ, ಸಿಗಲಿಲ್ಲ. ಅವನು ಎರಡು ವರ್ಷ ಕಾಯುತ್ತೇನೆ ಎಂದಿದ್ದರೆ ನಾನು ಕುಣಿದುಕೊಂಡು ಅವನನ್ನು ಮದುವೆಯಾಗುತ್ತಿದ್ದೆ. ಆ ಮೌನ ನೋಯಿಸಿದಷ್ಟು ಅವನ ತಂದೆಯ ಮಾತು ನೋಯಿಸಲಿಲ್ಲ.

ಅವನ ಅತ್ತೆ ಪ್ರೀತಿಯಿಂದಲೇ ನನ್ನ ಗಲ್ಲ ಹಿಡಿದರು. “ಹಾಲಾಗ ಸಕ್ರಿ ಕರಗಿದಂಗ ನಮ್ಮ ಮನ್ಯಾಗ ಕರಗಿ ಹೋಗವ್ವಾ,” ಎಂದರು.

ಎಲ್ಲರೂ ಹೇಳುವ ಮಾತು. ಎಷ್ಟೋ ಬಸ್ತಾಗಳಲ್ಲಿ ಕೇಳಿದ್ದೆ. ಅಂದು ಮಾತ್ರ ಮೈಗೆ ಬೆಂಕಿ ತಗುಲಿದಂತಾಯಿತು. ಅವರ ಮನೆಯವರೆಲ್ಲ ಹಾಲು, ನಾನೊಬ್ಬಳೇ ಸಕ್ಕರೆ ಎಂದು ಯಾರು ಗೊತ್ತು ಮಾಡಿದವರು? ನನ್ನ ಬಟ್ಟೆಯಲ್ಲಿ ಹಾಲೂ ಇತ್ತು, ಸಕ್ಕರೆಯೂ ಇತ್ತು. ಒಂದರ ಪಕ್ಕ ಒಂದು ಇದ್ದವು, ಯಾವುದೂ ಇನ್ನೊಂದರಲ್ಲಿ ಕರಗಿ ಹೋಗಿರಲಿಲ್ಲ. ಅದನ್ನು ತಿಳಿಯಲು ನಾನು ಊರೂರು ತಿರುಗಿದ್ದೆ.

ಅಪ್ಪ ಅಂಚಿಗೆ ಕತ್ತರಿ ಇಟ್ಟ. “ಹರೀಲೇನ್ರಿ?”

“ಹರೀರಿ,” ಎಂದರು ಹುಡುಗನ ತಂದೆ.

ಅಪ್ಪ ಇತ್ತ ತಿರುಗಿದ. “ಹರೀಲೇನಣ್ಣಾ?”

“ಹರಿ,” ಎಂದ ದೊಡ್ಡಪ್ಪ.

“ಅಪ್ಪಾ, ನನಗ ಕೇಳು,” ಎಂದೆ.

ದನಿ ಜೋರಾಗಿಯೇ ಬಂತು. ಅವ್ವ ನನ್ನ ಸೆರಗು ಹಿಡಿದು ಜಗ್ಗಿದಳು. ನಾನು ಅಷ್ಟರಲ್ಲಿ ಎದ್ದು ನಿಂತಾಗಿತ್ತು. ಅಪ್ಪ ಅಂಚಿನಲ್ಲೇ ಕತ್ತರಿ ತಡೆದ. ಆಮೇಲೆ ತಲೆ ಎತ್ತಿ, “ಹೇಳು,” ಎಂದ.

“ಬ್ಯಾಡಪ್ಪ. ಎರಡು ವರ್ಷ ಓದಿ ಬರ್ತೇನಿ. ಅಲ್ಲೀತನಕ ಹರೀಬ್ಯಾಡ.”

ಹುಡುಗನ ತಂದೆ ಚಹಾದ ಬಸಿ ಕೆಳಗಿಟ್ಟರು. “ಹುಡುಗಿ ಮಾತು ಏನು ಕೇಳ್ತೀರಿ? ಹಿರ್ಯಾರು ಹೂಂ ಅಂದಾರ. ಹರೀರಿ ನೀವು.”

ಅಪ್ಪ ಕತ್ತರಿ ಮುಚ್ಚಿದ. ಅವನ ಕಿವಿ ಕೆಂಪಾಗಿತ್ತು, ದನಿ ಮಾತ್ರ ಗಿರಾಕಿಯ ಜತೆ ಮಾತಾಡುವಷ್ಟೇ ಮೆತ್ತಗಿತ್ತು. “ಇಷ್ಟು ವರ್ಷ ಈ ಗಾದಿ ಮ್ಯಾಲ ಕೂತೀನ್ರಿ. ಒಬ್ರು ಬ್ಯಾಡ ಅಂದಾಗ ನಾ ಎಂದೂ ಅರಿವಿ ಹರಿದಿಲ್ಲ.”

ಅವರು ಎದ್ದು ಹೋದರು. ಹುಡುಗ ಕೊನೆಗೆ ಎದ್ದ. ಮೆಟ್ಟಿಲ ಹತ್ತಿರ ಒಮ್ಮೆ ತಿರುಗಿ ನೋಡಿದ. ನಾನು ಒಳಗೆ ಹೋಗಿ ಹೊಟ್ಟೆ ತುಂಬ ಅತ್ತೆ. ಬೇಕಾದದ್ದು ಸಿಕ್ಕಿತ್ತು, ಬೇಕಾದವನು ಹೋಗಿದ್ದ. ಎರಡೂ ನಿಜವಾಗಿದ್ದವು.

ಅಪ್ಪ ನನಗೆ ಬೈಯಲಿಲ್ಲ. ಮಾತೂ ಆಡಲಿಲ್ಲ. ಕಲಬುರ್ಗಿಗೆ ಹೊರಡುವ ದಿನ ಟ್ರಂಕನ್ನು ಬಸ್ಸಿನ ಮೇಲೆ ತಾನೇ ಕಟ್ಟಿ, ಹಗ್ಗ ಎರಡೆರಡು ಸಲ ಜಗ್ಗಿ ನೋಡಿ, ಅಂಗಡಿಗೆ ಹೋದ. ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬೀಗವಿಲ್ಲದ ನಿಘಂಟುಗಳನ್ನು ಎತ್ತಿ ಎತ್ತಿ ಓದಿದೆ. ಜೇವರ್ಗಿಯ ಮಾಸ್ತರರು ಹೇಳಿದ್ದೆಲ್ಲ ಸರಿಯಿತ್ತು. ಆದರೆ ಓದುವಾಗಲೂ ನನಗೆ ನೆಮ್ಮದಿ ಇರಲಿಲ್ಲ. ಹೆಣ್ಣಿನ ಮಾತಿಗೆ ಕತ್ತರಿ ಮುಚ್ಚಿದ ಅಂಗಡಿ ಅಪಶಕುನದ್ದು ಎಂದು ಊರಲ್ಲಿ ಹಬ್ಬಿತ್ತು. ಬಸ್ತಾದವರು ನಮ್ಮ ಮೆಟ್ಟಿಲ ಮುಂದಿನಿಂದಲೇ ಎದುರಿನ ಅಂಗಡಿಗೆ ಹೋಗುತ್ತಿದ್ದಾರೆಂದು ತಮ್ಮ ಹೇಳಿದ್ದ.

ಮೊದಲ ವರ್ಷ ಮುಗಿಸಿ ಬೇಸಿಗೆಯ ರಜೆಗೆ ಬಂದಾಗ ಕರಜಗಿಯ ಕಡೆಯ ಎರಡು ಮನೆಯವರು ನಮ್ಮಲ್ಲಿ ಬಸ್ತಾಕ್ಕೆ ಬಂದರು. ಆ ಸುದ್ದಿ ಅವರ ಊರಿಗೆ ಮುಟ್ಟಿರಲಿಲ್ಲವೋ ಏನೋ. ಅವ್ವ ನನ್ನ ಕೈಯಲ್ಲಿ ಚಹಾದ ತಟ್ಟೆ ಕೊಟ್ಟು, “ಬಾಯಿ ಮುಚ್ಚಿಕೊಂಡಿರು,” ಎಂದು ಕಳಿಸಿದಳು. ಬಟ್ಟೆ ಆರಿಸುವುದಾಯಿತು. ಅಪ್ಪ ಕತ್ತರಿ ಹಿಡಿದು ಗಂಡಿನ ಕಡೆ ಕೇಳಿದ. ಹರೀರಿ ಎಂದರು. ಹೆಣ್ಣಿನ ಕಡೆ ಕೇಳಿದ. ಹರೀರಿ ಎಂದರು. ಈಗ ಪರ್ರ್ ಎನ್ನುತ್ತದೆ ಎಂದು ನಾನು ನಿಂತೇ ಇದ್ದೆ. ಅಪ್ಪ ಹರಿಯಲಿಲ್ಲ. ಹೆಂಗಸರ ನಡುವೆ ತಲೆ ತಗ್ಗಿಸಿ ಕೂತಿದ್ದ ಹುಡುಗಿಯ ಕಡೆ ತಿರುಗಿದ.

“ನಿನಗವ್ವಾ? ಹರೀಲೇನು?”

ಹುಡುಗಿಯ ತಾಯಿ ಗಾಬರಿಯಾಗಿ, “ಹೂಂ ಅಂತಾಳ್ರಿ, ಆಕಿದೇನದ, ಹರೀರಿ,” ಎಂದಳು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಆಗಲೇ ಎದುರಿನ ಅಂಗಡಿಯತ್ತ ಕಣ್ಣು ಹಾಯಿಸಿದರು. ಅಪ್ಪ ಯಾರನ್ನೂ ನೋಡಲಿಲ್ಲ. ಕತ್ತರಿ ಬಟ್ಟೆಯ ಅಂಚಿನಲ್ಲೇ ಇತ್ತು.

“ನಾ ಆಕಿಗಿ ಕೇಳಾಕತ್ತೇನ್ರಿ,” ಎಂದ.